ಒಂಬತ್ತು ಅಂಗಿಗಳ ತಂಡ

1973ರ ಫೆಬ್ರುವರಿ 17, ಶನಿವಾರ. ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಗುಂದಿಹಾಳದ ಗಂಜಿ ಕೇಂದ್ರದ ಮುಂದೆ ಒಂದು ಲಾರಿ ನಿಂತಿತು. ಅದರಿಂದ ನಲವತ್ತು ಚೀಲ ಗೋಧಿ ನುಚ್ಚು, ಆರು ಚೀಲ ಹಾಲಿನ ಪುಡಿ ಹಾಗೂ ಪಟ್ಟಿಯಲ್ಲಿ ಇಲ್ಲದ ಒಂದು ಕಟ್ಟಿಗೆಯ ಪೆಟ್ಟಿಗೆ ಇಳಿದವು.

ಗುಂದಿಹಾಳ ಸಿಂದಗಿ ತಾಲೂಕಿನ ಹಳ್ಳಿ. ಯಂಕಂಚಿಯಿಂದ ಮೂರು ಮೈಲಿ. ಎರಡು ವರ್ಷ ಮಳೆ ಮುಖ ತೋರಿಸದ ಕಾರಣ ಊರಿಗೆ ಊರೇ ಸರಕಾರದ ರಸ್ತೆ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿತ್ತು, ಮಧ್ಯಾಹ್ನ ಪರದೇಶದ ಒಂದು ದಾನಸಂಸ್ಥೆ ಕಳಿಸಿದ ನುಚ್ಚಿನ ಗಂಜಿ ಕುಡಿಯುತ್ತಿತ್ತು. ಕುಡಿಯುವವರ ಸಂಖ್ಯೆ ಆರುನೂರ ಹನ್ನೆರಡು. ಕೇಂದ್ರದ ಉಸ್ತುವಾರಿ ಊರ ಶಾಲೆಯ ಡ್ರಿಲ್ ಮಾಸ್ತರ ಶಂಕರೆಪ್ಪನವರದು. ಹೊಟ್ಟೆಗಿಲ್ಲದ ಮಕ್ಕಳಿಗೆ ಡ್ರಿಲ್ ಬೇಡವೆಂದು ಹೆಡ್ ಮಾಸ್ತರರು ನಿರ್ಧರಿಸಿದ ಮೇಲೆ, ಊರಿನಲ್ಲಿ ಕೆಲಸವಿಲ್ಲದೆ ಕೂತ ಏಕೈಕ ಸಂಬಳದ ಮನುಷ್ಯ ಅವರೇ ಆಗಿದ್ದರು. ವಯಸ್ಸು ನಲವತ್ತೊಂದು. ಕೊರಳಲ್ಲಿ ಸೀಟಿ. ಎಂಥ ಬಿಸಿಲಿದ್ದರೂ ಮೈಮೇಲೆ ಒಂದು ಕರಿ ಕೋಟು. ಕೋಟಿನ ಕಾರಣ ಅವರ ಹೆಂಡತಿ ಚನ್ನವ್ವನಿಗೆ ಮಾತ್ರ ಗೊತ್ತಿತ್ತು: ಒಳಗಿನ ಅಂಗಿಗೆ ಬೆನ್ನು ಇರಲಿಲ್ಲ.

ಶಂಕರೆಪ್ಪನವರು ಶಿಸ್ತಿನ ಮನುಷ್ಯ. ಗಂಜಿಯಲ್ಲದೆ ಆಗಾಗ ಮನೆಮನೆಗೆ ಒಣ ನುಚ್ಚನ್ನೂ ಹಂಚಬೇಕಾಗುತ್ತಿತ್ತು. ಯಾವ ದಿನ ಎಂಬುದು ಲಾರಿ ಬರುವುದರ ಮೇಲೆ ನಿಂತಿದ್ದರಿಂದ ಮೊದಲ ಎರಡು ಸಲ ನೂಕುನುಗ್ಗಲಾಗಿ ಮೂವರ ಗಡಿಗೆ ಒಡೆದವು. ಆಗ ಅವರು ಕೇಂದ್ರದ ಗೋಡೆಗೆ ಕೆಮ್ಮಣ್ಣಿನಲ್ಲಿ ನಾಲ್ಕು ಕಲಮಿನ ಕಾಯ್ದೆ ಬರೆಸಿದರು. ಒಂದು, ಚೀಲ ಅಂಗಳಕ್ಕೆ ಬಂದರೆ ಹಂಚಿಕೆ ಇದೆ ಎಂದು ತಿಳಿಯತಕ್ಕದ್ದು. ಎರಡು, ಚೀಲವನ್ನು ಮೊದಲು ಮುಟ್ಟಿದವರೇ ಪಾಳಿಯಲ್ಲಿ ಮೊದಲಿಗರು. ಉಳಿದವರು ಅವರ ಹಿಂದೆ ನಿಲ್ಲತಕ್ಕದ್ದು. ಮೂರು, ಪಾಳಿ ಬಿಟ್ಟು ಕದಲಿದವರು ಕೊನೆಗೆ ಹೋಗತಕ್ಕದ್ದು. ನಾಲ್ಕು, ಅಂಗಳಕ್ಕೆ ಬಂದ ಚೀಲ ಹಂಚದೆ ಒಳಗೆ ಹೋಗತಕ್ಕದ್ದಲ್ಲ. ಓದಲು ಬಾರದವರೂ ಇದನ್ನು ಬಾಯಿಪಾಠ ಮಾಡಿದ್ದರು. ಮೂರನೆಯ ಕಲಮಿನ ಪ್ರಕಾರ ಪಂಚಾಯಿತಿ ಚೇರಮನ್ನರ ಸ್ವಂತ ತಾಯಿಯನ್ನೇ ಶಂಕರೆಪ್ಪನವರು ಒಮ್ಮೆ ಕೊನೆಗೆ ಕಳಿಸಿದ್ದರು. ಆ ಮುದುಕಿ ನೀರು ಕುಡಿಯಲು ಹೋಗಿದ್ದಳು.

ಪೆಟ್ಟಿಗೆಯ ವಿಷಯ.

"ಇದು ಪಟ್ಟಿದಾಗ ಇಲ್ಲ," ಎಂದರು ಶಂಕರೆಪ್ಪನವರು.

"ಪಟ್ಟಿದಾಗ ಇಲ್ರಿ. ಲಾರಿದಾಗ ಐತಿ," ಎಂದ ಡ್ರೈವರ್ ಅಬ್ದುಲಗನಿ.

"ಇಲ್ಲದ್ದನ್ನ ನಾ ಹ್ಯಾಂಗ ಸಹಿ ಮಾಡಿ ತಗೋಲಿ?"

"ಇದ್ದದ್ದನ್ನ ನಾ ಹ್ಯಾಂಗ ವಾಪಸ್ ಒಯ್ಯಲ್ರಿ? ಮುದ್ದೇಬಿಹಾಳದಾಗ ಬ್ಯಾಡ ಅಂದ್ರು. ಬಸವನ ಬಾಗೇವಾಡ್ಯಾಗ ಬ್ಯಾಡ ಅಂದ್ರು. ಇಂಡ್ಯಾಗ ನಕ್ಕ ಕಳಿಸಿದ್ರು. ಮೂರ ತಾಲೂಕ ತಿರಗೇತ್ರಿ ಇದು. ನನ್ನ ಹೇಣ್ತಿಗಿಂತ ಹೆಚ್ಚ ಊರ ನೋಡೇತಿ."

ಅಬ್ದುಲಗನಿ ಹೋದ. ಪೆಟ್ಟಿಗೆ ಉಳಿಯಿತು. ಹಾರೆ ಹಾಕಿ ಮುಚ್ಚಳ ಎಬ್ಬಿಸಿದಾಗ ಒಳಗೆ ಕಂಡವು ಇವು: ಮೂರು ದುಂಡನೆಯ ಬಡಿಗೆ, ಎಮ್ಮೆ ಪಾದದಷ್ಟು ದಪ್ಪನೆಯ ತೊಗಲಿನ ಹನ್ನೊಂದು ಕೈಗವಸು (ಎಲ್ಲ ಒಂದೇ ಕೈಯವು), ಎರಡು ಡಜನ್ ಬಿಳಿ ಚೆಂಡು, ಕಬ್ಬಿಣದ ಸರಳಿನ ಒಂದು ಮುಖವಾಡ, ಎದೆಗೆ ಕಟ್ಟಿಕೊಳ್ಳುವ ಒಂದು ಮೆತ್ತೆ ಮತ್ತು ಒಂಬತ್ತು ಅಂಗಿ. ಅಂಗಿಗಳದು ಕಿತ್ತಳೆ ಬಣ್ಣ. ತೋಳು ನೀಲಿ. ಎದೆಯ ಮೇಲೆ ಕೊಕ್ಕು ತೆರೆದ ಹಳದಿ ಹಕ್ಕಿ. ಗುಂದಿಹಾಳದಲ್ಲಿ ಅಷ್ಟು ಬಣ್ಣ ಒಂದೇ ಕಡೆ ಕಂಡು ಎರಡು ವರ್ಷವಾಗಿತ್ತು.

ಪಂಚಾಯಿತಿ ಚೇರಮನ್ ಶ್ರೀಶೈಲಪ್ಪನವರು ಧೋತರದ ಚುಂಗು ಹಿಡಿದುಕೊಂಡು ಬಂದರು. "ಏನ್ರಿ ಮಾಸ್ತರ ಇದು? ಜಗಳದ ಸಾಮಾನೇನು?"

ಗೊತ್ತಿಲ್ಲ ಎಂಬುದು ಮೂರೇ ಅಕ್ಷರದ ಮಾತು. ಶಂಕರೆಪ್ಪನವರು ಅದನ್ನು ಆಡಲಿಲ್ಲ. "ಇದು ಬೇಸ್‌ಬಾಲ್‌ರಿ. ಅಮೇರಿಕಾದ ಆಟ. ಧಾರವಾಡದಾಗ ಟ್ರೇನಿಂಗಿಗೆ ಇದ್ದಾಗ ನಾನೂ ಆಡೇನಿ," ಎಂದರು.

ಸತ್ಯಾಂಶ ಇಷ್ಟು. 1956ರಲ್ಲಿ ಅವರು ಧಾರವಾಡದಲ್ಲಿ ಆರು ವಾರ ಟ್ರೇನಿಂಗು ಮುಗಿಸಿದ್ದು ನಿಜ. ಅಲ್ಲಿನ ಪುಸ್ತಕದಲ್ಲಿ ಬೇಸ್‌ಬಾಲಿಗೆ ಒಂದು ಪುಟ ಇದ್ದದ್ದೂ ನಿಜ. ಆ ಪುಟ ಪಾಠವಾದ ದಿನ ಶಂಕರೆಪ್ಪನವರಿಗೆ ಜ್ವರ ಬಂದಿತ್ತು. ನಂತರ ಅವರು ನೋಡಿದ್ದು ಪುಟದ ಮೇಲಿನ ಚಿತ್ರವನ್ನು ಮಾತ್ರ. ಅದರಲ್ಲಿ ಒಬ್ಬ ಬಡಿಗೆ ಎತ್ತಿದ್ದ, ಒಬ್ಬ ಅವನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ, ನಾಲ್ಕು ಮೂಲೆಗೆ ನಾಲ್ಕು ಚೀಲ ಬಿದ್ದಿದ್ದವು.

"ಭಾಳ ಚಲೋ ಆತು," ಎಂದರು ಶ್ರೀಶೈಲಪ್ಪನವರು. ಆ ಸಂಜೆಯೇ ಅವರಿಗೆ ಸಿಂದಗಿಯಲ್ಲಿ ಕೆಲಸವಿತ್ತು. ಹೋದಲ್ಲೆಲ್ಲ ತಮ್ಮ ಊರಿನಲ್ಲಿ ಅಮೇರಿಕಾದ ಆಟ ಬಲ್ಲ ಮಾಸ್ತರರು ಇದ್ದಾರೆಂದು ಹೇಳಿ ಬಂದರು.

ಕೇಂದ್ರದ ಅಡುಗೆಯ ಯಜಮಾನಿ ಸಿದ್ದಲಿಂಗವ್ವ. ಅರವತ್ತರ ವಿಧವೆ. ಅವಳು ಪೆಟ್ಟಿಗೆಯನ್ನು ಆಟದ ದೃಷ್ಟಿಯಿಂದ ನೋಡಲಿಲ್ಲ. ಸೋಮವಾರದ ಹೊತ್ತಿಗೆ ಕೈಗವಸುಗಳು ಕಾದ ಗಂಜಿ ಹಂಡೆ ಇಳಿಸುವ ಕೆಲಸಕ್ಕೆ ಹತ್ತಿದ್ದವು. ಒಂದು ಬಡಿಗೆ ನುಚ್ಚು ತಿರುವುತ್ತಿತ್ತು. ಎದೆಯ ಮೆತ್ತೆ ಕಲ್ಲು ಹೊರುವ ಹೆಣ್ಣುಮಕ್ಕಳ ತಲೆಯ ಮೇಲೆ ಸಿಂಬಿಯಾಗಿ ಪಾಳಿಯ ಪ್ರಕಾರ ತಿರುಗುತ್ತಿತ್ತು. ಕಬ್ಬಿಣದ ಮುಖವಾಡವನ್ನು ಯಂಕಪ್ಪ ಎಂಬವನು ತನ್ನ ಎತ್ತಿನ ಬಾಯಿಗೆ ಕಟ್ಟಿದ್ದ. ಆ ಎತ್ತಿಗೆ ನುಚ್ಚಿನ ಚೀಲ ನೆಕ್ಕುವ ಚಟವಿತ್ತು.

ಉಳಿದವು ಅಂಗಿಗಳು. ಸಿದ್ದಲಿಂಗವ್ವ ಮಧ್ಯಾಹ್ನದ ಪಾಳಿಯ ಉದ್ದಕ್ಕೂ ನಡೆದು ಒಬ್ಬೊಬ್ಬರ ಬೆನ್ನು, ಹೆಗಲು, ಕಂಕುಳು ಪರೀಕ್ಷಿಸಿದಳು. ಎಲ್ಲಕ್ಕಿಂತ ಹರಿದದ್ದನ್ನು ಉಟ್ಟ ಒಂಬತ್ತು ಮಂದಿಯನ್ನು ಬೇರೆ ನಿಲ್ಲಿಸಿದಳು. ಐವರು ಹೆಂಗಸರು, ನಾಲ್ವರು ಗಂಡಸರು. ಕೊನೆಗೆ ಅವಳ ಕಣ್ಣು ಉಸ್ತುವಾರಿಯ ಮೇಲೆ ಬಿತ್ತು.

"ಮಾಸ್ತರ, ಕೋಟ ತೆಗೀರಿ. ನಿಮ್ಮದೂ ನೋಡೂಣು."

"ಏ, ನಾನು ಸರಕಾರಿ ನೌಕರ," ಎಂದು ಶಂಕರೆಪ್ಪನವರು ಕೋಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡರು. "ನನಗ್ಯಾಕ ಬೇಕು?"

ಮರುದಿನದಿಂದ ರಸ್ತೆ ಕಾಮಗಾರಿಯಲ್ಲಿ ಒಂಬತ್ತು ಮಂದಿ ಕಿತ್ತಳೆ ಬಣ್ಣದವರು ಕಲ್ಲು ಒಡೆಯತೊಡಗಿದರು. ಅವರಲ್ಲೊಬ್ಬಳಾದ ಜೈತುನಬಿಯ ಅಂಗಿಯ ಬಗ್ಗೆ ಎಲ್ಲರಿಗೂ ಒಂದು ಮಾತು ಇತ್ತು. ಅವಳು ಮೂವತ್ತು ವರ್ಷ ಜೋಳದ ಹೊಲಗಳಲ್ಲಿ ಅಟ್ಟ ಏರಿ, ಕವಣೆ ಬೀಸಿ ಹಕ್ಕಿ ಓಡಿಸಿದವಳು. ಈಗ ಬೆಳೆಯಿಲ್ಲದೆ ಹಕ್ಕಿಯೂ ಇಲ್ಲದೆ ಕವಣೆ ಗೂಟಕ್ಕೆ ಜೋತುಬಿದ್ದಿತ್ತು.

"ಯಾಕ ಜೈತುನಬಿ, ಒಂದ ಹಕ್ಕಿ ಉಳದಿತ್ತು, ಅದನ್ನ ಎದಿ ಮ್ಯಾಲ ಕುಂದ್ರಿಸೀಯಲ್ಲ?"

"ಇದು ಕಾಳ ತಿನ್ನೂದಿಲ್ಲಪ್ಪ," ಎನ್ನುತ್ತಿದ್ದಳು ಅವಳು. "ಅದಕ್ಕ ಇರಲಿ ಅಂತ ಬಿಟ್ಟೇನಿ."

ಮಾರ್ಚ್ 6ರಂದು ಟಪಾಲಿನಲ್ಲಿ ಒಂದು ಕಾಗದ ಬಂತು. ದಾನಸಂಸ್ಥೆಯ ಪರದೇಶಿ ಸಾಹೇಬರು ಮಾರ್ಚ್ 18, ಭಾನುವಾರ ಸಂಜೆ ನಾಲ್ಕಕ್ಕೆ ಗುಂದಿಹಾಳಕ್ಕೆ ಬರುವರು. ಅಲ್ಲಿ ಬೇಸ್‌ಬಾಲ್ ತಂಡ ಇರುವುದನ್ನು ಕೇಳಿ ಅವರಿಗೆ ಸಂತೋಷವಾಗಿದೆ. ಆಟ ನೋಡುವರು, ಕೇಂದ್ರವನ್ನೂ ನೋಡುವರು. ಕೇಂದ್ರವನ್ನು ಮಾರ್ಚ್ 31ರ ನಂತರ ಮುಂದುವರಿಸಬೇಕೋ ಮುಚ್ಚಬೇಕೋ ಎಂಬುದು ಅವರ ವರದಿಯ ಮೇಲೆ ತೀರ್ಮಾನವಾಗುವುದು.

ಮಳೆಗಾಲಕ್ಕೆ ಮೂರು ತಿಂಗಳಿತ್ತು.

ಶ್ರೀಶೈಲಪ್ಪನವರು ಕಾಗದವನ್ನು ಎರಡು ಸಲ ಓದಿಸಿಕೊಂಡರು. "ಮಾಸ್ತರ, ಆಟ ಅಂದ್ರ ಹೆಂಗ ಆಡಬೇಕ್ರಿ! ಅವರು ಕೊಟ್ಟ ಸಾಮಾನಿನ ಋಣ ತೀರಬೇಕು. ನೋಡಿ ದಂಗ ಬಡದ ಕುಂದ್ರಬೇಕು ಅಂವ."

ಹಂಡೆಯ ಹಿಂದಿನಿಂದ ಸಿದ್ದಲಿಂಗವ್ವ ಕೇಳಿದಳು: "ದಂಗ ಬಡದು ಏನ ಬರೀತಾನ್ರಿ ಚೇರಮನ್ರ?"

"ಅಂದ್ರ?"

"ಜಿಂಕಿ ಜಿಗದಾಂಗ ಜಿಗದ್ರ, ಈ ಊರ ಮಂದಿ ಭಾಳ ಗಟ್ಟಿ ಅದಾರ, ಇವರಿಗೆ ಗಂಜಿ ಯಾಕ ಅಂತ ಬರೀತಾನ. ಹಂಡೆ ಡಬ್ಬ ಹಾಕಿ ಕುಂದ್ರೂದ ಆಕ್ಕೈತಿ ನಾವು."

ಇದು ಯಾರಿಗೂ ಹೊಳೆದಿರಲಿಲ್ಲ. ಆಡದಿದ್ದರೆ, ಕೊಟ್ಟ ಸಾಮಾನಿನಲ್ಲಿ ನುಚ್ಚು ತಿರುವಿದರೆಂದು ಸಾಹೇಬ ಸಿಟ್ಟಾಗುತ್ತಾನೆ. ಚೆನ್ನಾಗಿ ಆಡಿದರೆ, ಹಸಿವಿಲ್ಲ ಎನ್ನುತ್ತಾನೆ. ಇಬ್ಬರ ಮಾತೂ ಸರಿಯಾಗಿತ್ತು. ಶಂಕರೆಪ್ಪನವರ ಸ್ವಭಾವದಲ್ಲಿ ಒಂದು ದೋಷವಿತ್ತು. ಇಬ್ಬರು ಸರಿಯಾದ ಮಾತು ಆಡಿದರೆ ಅವರು ಇಬ್ಬರಿಗೂ ಹೂಂ ಎನ್ನುತ್ತಿದ್ದರು.

"ಆಡೂಣು," ಎಂದರು ಅವರು. "ಚಲೋತ್ನ್ಯಾಗ ಆಡೂಣು. ಆದ್ರ ಹಸದವರು ಆಡಿದಾಂಗ ಆಡೂಣು."

ತಂಡದ ಆಯ್ಕೆಗೆ ತೊಂದರೆ ಇರಲಿಲ್ಲ. ಅಂಗಿ ಇದ್ದವರೇ ತಂಡ. ಹನ್ನೆರಡು ದಿನಗಳ ತಾಲೀಮಿನಲ್ಲಿ ಅಂಗಿಗಳು ಒಂಬತ್ತೇ ಇರುವುದರಿಂದ ಆಟವೂ ಒಂಬತ್ತೇ ಜನರದ್ದು ಎಂದು ಶಂಕರೆಪ್ಪನವರು ನಿಷ್ಕರ್ಷಿಸಿದರು. ಎದುರು ತಂಡ ಎಂಬುದೊಂದು ಬೇಕಾಗುತ್ತದೆ ಎಂಬುದು ಅವರ ತಲೆಗೆ ಬರಲಿಲ್ಲ. ಚಿತ್ರದಲ್ಲಿ ಅದು ಇರಲಿಲ್ಲ.

ಊರ ಹೊರಗಿನ ಬೀಳು ಹೊಲದ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟರು. ಜೈತುನಬಿಗೆ ಚೆಂಡು ಕೊಟ್ಟು ಎಸೆಯಲು ಹೇಳಿದರು. ಅವಳು ಕೈಯನ್ನು ಎರಡು ಸುತ್ತು ತಿರುವಿ ಬಿಟ್ಟಾಗ ಚೆಂಡು ಹೋದದ್ದು ಯಾರಿಗೂ ಕಾಣಲಿಲ್ಲ. ಹಿಂದೆ ಕೂತಿದ್ದ ಯಂಕಪ್ಪ ಅಂಗಾತ ಬಿದ್ದದ್ದು ಕಂಡಿತು. ಅಂದೇ ಎತ್ತಿನ ಬಾಯಿಯಿಂದ ಮುಖವಾಡ ಬಿಚ್ಚಿ ಅವನಿಗೆ ಕಟ್ಟಿದರು. ಒಳಗೆ ಎತ್ತಿನ ಜೊಲ್ಲಿನ ವಾಸನೆ ಇದೆ ಎಂದು ಅವನು ತಕರಾರು ಮಾಡಿದ. ಎತ್ತಿಗೂ ಈಗ ಅವನ ಬಗ್ಗೆ ತಕರಾರಿದೆ, ಅದು ಎರಡು ಚೀಲ ನೆಕ್ಕಿದೆ ಎಂದು ಸಿದ್ದಲಿಂಗವ್ವ ಹೇಳಿದ ಮೇಲೆ ಸುಮ್ಮನಾದ. ಬಡಿಗೆ ಹಿಡಿದವನು ಖಂಡೆಪ್ಪ. ಹುಡುಗನಾಗಿದ್ದಾಗ ಚಿಣಿಪಣಿ ಆಟದಲ್ಲಿ ಕೋಲಿನಿಂದ ಚಿಣಿಯನ್ನು ಹನುಮಪ್ಪನ ಗುಡಿಯ ಆಚೆ ಹಾರಿಸಿದವನೆಂದು ಅವನ ಖ್ಯಾತಿ. ಈ ಇಬ್ಬರಿಂದ ಆಟ, ಶಂಕರೆಪ್ಪನವರ ಸಹಾಯವಿಲ್ಲದೆಯೇ, ಒಂದು ವಾರದಲ್ಲಿ ನೋಡುವ ಹಾಗಾಯಿತು.

ಅದೇ ಅವರ ಚಿಂತೆಯಾಯಿತು. ಆಟ ವಿಪರೀತ ಚೆನ್ನಾಗಿ ಬರುತ್ತಿತ್ತು. ಹದ ತಪ್ಪಬಾರದೆಂದು ಅವರು ಸೀಟಿಯ ಪದ್ಧತಿ ತಂದರು. ಒಂದು ಸೀಟಿ ಊದಿದರೆ ಓಡಬೇಕು. ಎರಡು ಊದಿದರೆ ಸುಸ್ತಾಗಿ ನೆಲಕ್ಕೆ ಕೂಡಬೇಕು. ಮೂರು ಊದಿದರೆ ಪೂರ್ತಿ ಮಲಗಬೇಕು. ಎಂಟು ಮಂದಿ ಇದನ್ನು ಚೆನ್ನಾಗಿ ಕಲಿತರು. ಜೈತುನಬಿ ಮಾತ್ರ ನಿಂತೇ ಇದ್ದಳು.

"ಎರಡ ಸೀಟಿ ಆತಲ್ಲ, ಕೂಡ ಜೈತುನಬಿ!"

"ನನಗ ಸುಳ್ಳ ಸುಸ್ತ ಬರೂದಿಲ್ರಿ ಮಾಸ್ತರ. ಖರೇದು ಬಂದಾಗ ಹೇಳ್ತೇನಿ."

ಮನೆಯಲ್ಲಿ ಚನ್ನವ್ವ ಕೋಟಿನ ಒಳಗೆ ಸೂಜಿ ಹಾಕುತ್ತ ಕೇಳಿದಳು: "ಅಲ್ರಿ, ಧಾರವಾಡದಾಗ ಖರೇನ ಆಡಿದ್ರೇನು?"

"ನೋಡೇನಿ."

"ಯಾರ ಆಡೂದನ್ನ?"

"ಚಿತ್ರದಾಗ."

ಚನ್ನವ್ವ ದಾರ ಕಚ್ಚಿ ಹರಿದಳು. "ಕೋಟಿನ ಮ್ಯಾಲ ಕೋಟ ಹಾಕ್ಕೊಂಡ ಕುಂತೀರಿ ಬಿಡ್ರಿ," ಎಂದಳು.

ಭಾನುವಾರ ಬಂತು. ಮಧ್ಯಾಹ್ನ ಮೂರಕ್ಕೆ ಶ್ರೀಶೈಲಪ್ಪನವರು ಏರ್ಪಾಡು ನೋಡಲು ಬಂದು ಹೊಲದ ಮೂಲೆಯ ಕಲ್ಲುಗಳನ್ನು ಕಂಡು ಹೌಹಾರಿದರು. "ಮಾಸ್ತರ, ಕಲ್ಲ ಇಟ್ಟೀರಲ್ರಿ! ಅಂವ ಅಷ್ಟ ದೂರದಿಂದ ಕಲ್ಲ ನೋಡಾಕ ಬರಾಕತ್ತಾನೇನು? ನೀವ ಹೇಳಿದ್ರಿ, ಚೀಲ ಇರತಾವು ಅಂತ."

"ಇರತಾವ್ರಿ. ಆದ್ರ ಖಾಲಿ ಚೀಲ ಗಾಳಿಗೆ ಹಾರತಾವು."

"ತುಂಬಿಸ್ರಿ. ಅವರ ಊರಿನ ಗುರ್ತ ಇದ್ದದ್ದ ನಾಕ ಚೀಲ ಉಸುಕ ತುಂಬಿ ಇಡ್ರಿ. ನೋಡಿ ಖುಷಿ ಆಗಬೇಕು."

ಒಂದು ತಿದ್ದುಪಡಿ ಕೂಡ ಆಯಿತು. ಸಾಹೇಬರಿಗೆ ಕೇಂದ್ರವೂ ಕಾಣಬೇಕು, ಆಟವೂ ಕಾಣಬೇಕು. ಆದ್ದರಿಂದ ಆಟ ಬೀಳು ಹೊಲದ ಬದಲು ಕೇಂದ್ರದ ಅಂಗಳದಲ್ಲೇ ನಡೆಯಲಿ. ಶಂಕರೆಪ್ಪನವರು ಹೂಂ ಎಂದರು. ಸಿದ್ದಲಿಂಗವ್ವ ಹಳ್ಳದಿಂದ ಉಸುಕು ತರಿಸಿ ನಾಲ್ಕು ಚೀಲ ತುಂಬಿ ಬಾಯಿ ಹೊಲಿದಳು. ಮೂರು ಮುಕ್ಕಾಲಿಗೆ ನಾಲ್ಕು ತುಂಬಿದ ಚೀಲಗಳು ಅಂಗಳದ ನಾಲ್ಕು ಮೂಲೆಗೆ ಬಂದು ಕೂತವು. ನಾಲ್ಕನೆಯದು ಸಾಹೇಬರ ಕುರ್ಚಿಯ ಮುಂದೆ ಎರಡು ಅಡಿ ದೂರದಲ್ಲಿತ್ತು. ಗೋಡೆಯ ಮೇಲಿನ ಕಾಯ್ದೆ ಆ ಹೊತ್ತಿನಲ್ಲಿ ಅದನ್ನು ಬರೆಸಿದವರಿಗೆ ನೆನಪಾಗಲಿಲ್ಲ.

ಊರವರಿಗೆ ನೆನಪಿತ್ತು. ಆಟ ನೋಡಲೆಂದು ಗೋಡೆ, ಬಂಡಿ, ಬೇವಿನ ಮರ ಹತ್ತಿ ಕೂತವರು ಚೀಲಗಳನ್ನು ನೋಡಿದರು. ಒಂದಲ್ಲ, ನಾಲ್ಕು. ಆದರೆ ಯಾರೂ ಹೋಗಿ ಮುಟ್ಟಲಿಲ್ಲ, ಪರದೇಶದವರು ಬರುವ ಹೊತ್ತಿನಲ್ಲಿ ಮೊದಲು ಕೈ ಚಾಚಲು ಎಲ್ಲರಿಗೂ ಸಂಕೋಚ. ಆದರೂ ಹಿಂದಿನ ಸಾಲಿನ ಕೆಲವರು ಮೆಲ್ಲಗೆ ಮನೆಗೆ ಹೋಗಿ ಗಡಿಗೆ, ಬುಟ್ಟಿ, ಚೀಲ ತಂದಿಟ್ಟುಕೊಂಡರು.

ನಾಲ್ಕು ಗಂಟೆ ಐದು ನಿಮಿಷಕ್ಕೆ ಜೀಪು ಬಂತು. ಸಾಹೇಬ ಆರಡಿಗೂ ಮೇಲಿನ ಆಳು, ತಲೆಗೆ ಹುಲ್ಲಿನ ಟೋಪಿ, ಬಿಸಿಲಿಗೆ ಮುಖ ಟೊಮೆಟೊ ಆಗಿತ್ತು. ದುಭಾಷಿಯಾಗಿ ವಿಸ್ತರಣಾಧಿಕಾರಿ ಪರಪ್ಪ ಜೊತೆಗಿದ್ದ. ಸಾಹೇಬ ಕುರ್ಚಿಯಲ್ಲಿ ಕೂತು ಒಂಬತ್ತು ಅಂಗಿಗಳನ್ನು ನೋಡಿ ಬಹಳ ಹೊತ್ತು ನಕ್ಕ. ಐದು ಅಂಗಿಗಳ ಕೆಳಗೆ ಸೀರೆ ಇದ್ದವು. ಆಮೇಲೆ ಏನೋ ಕೇಳಿದ.

"ಎದುರು ತಂಡ ಎಲ್ಲಿ ಅಂತ ಕೇಳಾಕತ್ತಾರ," ಎಂದ ಪರಪ್ಪ.

ಶಂಕರೆಪ್ಪನವರ ಮುಖದಲ್ಲಿ, ಹದಿನೇಳು ವರ್ಷಗಳ ಹಿಂದೆ ಜ್ವರದಲ್ಲಿ ತಪ್ಪಿಹೋದ ಪಾಠದ ಒಂದು ಸಾಲು ಈಗ ಬಂದು ಮುಟ್ಟಿದ್ದು ಕಾಣಿಸಿತು. ಆದರೂ ಅವರು ಎದೆಯುಬ್ಬಿಸಿಯೇ ನಿಂತಿದ್ದರು.

"ಬರಗಾಲ ಐತ್ರಿ ಅನ್ರಿ. ಈ ವರ್ಷ ಒಂದ ತಂಡ."

ಪರಪ್ಪ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬ ನಗು ನಿಲ್ಲಿಸಿ ಕಿಸೆಯಿಂದ ಪುಸ್ತಕ ತೆಗೆದು ಏನೋ ಬರೆದುಕೊಂಡ.

ನಾಲ್ಕು ಹತ್ತಕ್ಕೆ ಶಂಕರೆಪ್ಪನವರು ಒಂದು ಸೀಟಿ ಊದಿದರು. ಜೈತುನಬಿ ಕೈ ತಿರುವಿ ಚೆಂಡು ಬಿಟ್ಟಳು. ಖಂಡೆಪ್ಪ ಬಡಿಗೆ ಬೀಸಿದ. ತೆಂಗಿನಕಾಯಿ ಒಡೆದಂಥ ಸದ್ದಾಯಿತು. ಚೆಂಡು ಹಂಡೆಗಳ ಮೇಲಿಂದ, ಬೇವಿನ ಮರದ ಮೇಲಿಂದ, ಶ್ರೀಶೈಲಪ್ಪನವರ ಹೊಸ ಮಾಳಿಗೆಯ ಮೇಲಿಂದ ಹಾರಿ ಕಣ್ಮರೆಯಾಯಿತು. ಸಾಹೇಬ ಕುರ್ಚಿಯಿಂದ ಎದ್ದು ಕೂಗಿದ. ಅದು ಏನೆಂದು ಪರಪ್ಪನಿಗೂ ತಿಳಿಯಲಿಲ್ಲ, ಖುಷಿಯದು ಎಂಬುದು ಎತ್ತಿಗೂ ತಿಳಿಯುತ್ತಿತ್ತು. ಖಂಡೆಪ್ಪ ಬಡಿಗೆ ಒಗೆದು ಓಡಿದ. ಓಡಿ ಮೊದಲನೆಯ ಮೂಲೆಗೆ ಬಂದ. ಬಾಗಿ, ಕಲಿಸಿದ ಹಾಗೆ, ಚೀಲ ಮುಟ್ಟಿದ.

ಮುಟ್ಟಿ ಅಲ್ಲಿಯೇ ನಿಂತ.

ಹನ್ನೆರಡು ದಿನ ಅವನು ಕಲ್ಲು ಮುಟ್ಟಿ ಓಡಿದ್ದ. ಕಲ್ಲಿಗೆ ಕಾಯ್ದೆ ಇರಲಿಲ್ಲ. ಇದು ಚೀಲ.

"ಓಡೋ!" ಎಂದು ಶಂಕರೆಪ್ಪನವರು ಕಿರುಚಿದರು.

"ಯಾಕ ಓಡ್ಲಿ? ಮೊದಲ ನಾ ಮುಟ್ಟೇನಿ. ಪಾಳಿ ನಂದು."

"ಏ ಹುಚ್ಚಾ, ಇದು ಆಟ!"

"ಆಟ ಇರಲ್ರಿ. ಬಿಟ್ಟ ಹೋದ್ರ ನನ್ನ ಕಡೀಕ ಕಳಸ್ತೀರಿ. ಚೇರಮನ್ನರ ತಾಯಿನ ಬಿಟ್ಟಿಲ್ಲ ನೀವು, ನನ್ನ ಬಿಡ್ತೀರೇನು?"

ಊರು ಕಾದಿದ್ದದ್ದು ಒಬ್ಬನ ಕೈಗಾಗಿ. ಖಂಡೆಪ್ಪ ಚೀಲ ಮುಟ್ಟಿದ್ದನ್ನು ಕಂಡು ಬೇವಿನ ಮರದಿಂದ ಯಾರೋ "ಪಾಳಿ ಹಚ್ಯಾರ್ರಲೇ!" ಎಂದರು. ಮರ ಬರಿದಾಯಿತು, ಬಂಡಿ ಬರಿದಾಯಿತು, ಗೋಡೆ ಬರಿದಾಯಿತು. ಧೂಳು ಇಳಿದಾಗ ನಾಲ್ಕು ಚೀಲಗಳ ಹಿಂದೆ ನಾಲ್ಕು ಪಾಳಿ ನಿಂತಿದ್ದವು. ನೂಕಾಟವಿಲ್ಲ, ಬೈದಾಟವಿಲ್ಲ, ಮೊಣಕೈಗೆ ಗಡಿಗೆ, ಕಣ್ಣು ಮುಂದಿನವರ ಬೆನ್ನಿಗೆ. ಒಂದೊಂದು ಮನೆಯವರು ಯಾವುದರಲ್ಲಿ ಮೊದಲು ಸಿಗುತ್ತದೋ ಎಂದು ನಾಲ್ಕೂ ಪಾಳಿಗೆ ಹಂಚಿಹೋಗಿದ್ದರು. ಕಿತ್ತಳೆ ಅಂಗಿಯವರು ತಮ್ಮ ತಮ್ಮ ಮೂಲೆಯಲ್ಲಿ ಮೊದಲೇ ಇದ್ದುದರಿಂದ ಎಲ್ಲರೂ ಮುಂದಿದ್ದರು. ತಂಡದಲ್ಲಿರುವುದರ ಲಾಭ ಅವರಿಗೆ ಆಗ ತಿಳಿಯಿತು.

ಶಂಕರೆಪ್ಪನವರು ಸೀಟಿ ಊದಿದರು. ಒಂದು ಸಲ, ಮತ್ತೊಂದು ಸಲ, ಕಡೆಗೆ ಬಿಡದೆ ಊದಿದರು. ಯಾರೂ ಓಡಲಿಲ್ಲ, ಯಾರೂ ಕೂಡಲಿಲ್ಲ. ಸಾಹೇಬರ ಮುಂದಿನ ಚೀಲ ಹಿಡಿದಿದ್ದ ಯಂಕಪ್ಪ ಮಾತ್ರ, ಮೂರಕ್ಕಿಂತ ಹೆಚ್ಚು ಸೀಟಿ ಎಂದರೆ ಏನೆಂದು ತಿಳಿಯದೆ, ಮುಖವಾಡ ಸಮೇತ ಚೀಲದ ಮೇಲೆ ಅಡ್ಡ ಬಿದ್ದ. ಒಂದು ಕೈ ಚೀಲದ ಮೇಲೆಯೇ ಇತ್ತು.

ಅವನ ಹಿಂದೆ ಸಾಹೇಬ ಇದ್ದ. ತನಗೆ ಗೊತ್ತಿಲ್ಲದೆಯೇ ಅವನು ಪಾಳಿಯಲ್ಲಿ ಎರಡನೆಯವನು. ಅವನ ಹಿಂದೆ ಶ್ರೀಶೈಲಪ್ಪನವರು, ಅವರ ಹಿಂದೆ ನೂರ ಐವತ್ತು ಮಂದಿ.

"ಮಾನಾ ಹೋತು!" ಎಂದು ಶ್ರೀಶೈಲಪ್ಪನವರು ಬೈಯಲು ಮುಂದೆ ಬಂದರು. ಶಂಕರೆಪ್ಪನವರ ಮುಖಕ್ಕೆ ಬೆರಳು ಮಾಡಿ ಅರ್ಧ ನಿಮಿಷ ಬೈದು ತಿರುಗಿ ನೋಡಿದರೆ ಜಾಗ ಮುಚ್ಚಿಹೋಗಿತ್ತು.

"ನಾನು ಇಲ್ಲೆ ಇದ್ದೆ!"

"ಇದ್ದಿ," ಎಂದಳು ಅಲ್ಲಿ ಈಗ ನಿಂತಿದ್ದ ಅವರ ತಾಯಿ. "ಈಗ ಕಡೀಕ ಹೋಗು. ನಾ ಹೋಗಿಲ್ಲೇನು?"

ಸಾಹೇಬನೂ ಏನಾಗುತ್ತಿದೆ ಎಂದು ನೋಡಲು ಒಂದು ಹೆಜ್ಜೆ ಆಚೆ ಇಟ್ಟ. ಮುದುಕಿ ಅವನ ಅಂಗಿಯ ತುದಿ ಹಿಡಿದು ಹಿಂದಕ್ಕೆ ಎಳೆದಳು. "ಕದಲಬ್ಯಾಡೋ ತಮ್ಮಾ. ಪಾಳಿ ಹೋಗ್ತೈತಿ. ಮಾಸ್ತರ ಭಾಳ ಕೆಟ್ಟಂವ." ಪರಪ್ಪ ಇದನ್ನು ಪೂರ್ತಿ ಅನುವಾದಿಸಿದ. ಸಾಹೇಬ ಹೆಜ್ಜೆ ಹಿಂದಕ್ಕೆ ಇಟ್ಟುಕೊಂಡ.

ಶಂಕರೆಪ್ಪನವರು ಹಂಡೆಯ ಹತ್ತಿರ ಹೋಗಿ ಸಿದ್ದಲಿಂಗವ್ವನ ಕಿವಿಯಲ್ಲಿ ಹೇಳಿದರು: "ಯವ್ವಾ, ಆ ಚೀಲದಾಗ ಉಸುಕ ಐತಿ."

"ಗೊತ್ತೈತಿ. ನಾನ ತುಂಬೇನಿ."

"ಹಂಗಾರ ಏನ ಹೇಳೂದು?"

"ನನ್ನ ಯಾಕ ಕೇಳ್ತೀರಿ? ಗ್ವಾಡಿ ಕೇಳ್ರಿ."

ಅವರು ಗೋಡೆ ನೋಡಿದರು. ನಾಲ್ಕನೆಯ ಕಲಮು: ಅಂಗಳಕ್ಕೆ ಬಂದ ಚೀಲ ಹಂಚದೆ ಒಳಗೆ ಹೋಗತಕ್ಕದ್ದಲ್ಲ. ಒಳಗೆ ಇನ್ನೂ ಹನ್ನೊಂದು ಚೀಲ ನುಚ್ಚಿತ್ತು. ತಿಂಗಳ ಕೊನೆಯವರೆಗೆ ಗಂಜಿಗೆ ಅದೇ ಆಧಾರ. ಈಗ ಹಂಚಿದರೆ ನಾಳೆ ಹಂಡೆಗೆ ಹಾಕಲು ಏನೂ ಇಲ್ಲ. ಹಂಚದಿದ್ದರೆ, ಉಸುಕಿನ ಚೀಲ ಹಿಡಿದು ಆರುನೂರು ಜನ ಬಿಸಿಲಿನಲ್ಲಿ ನಿಂತಿದ್ದಾರೆ.

ಶಂಕರೆಪ್ಪನವರು ಕೊರಳಿನ ಸೀಟಿ ತೆಗೆದು ಕಿಸೆಗೆ ಹಾಕಿಕೊಂಡರು. "ಹನ್ನೊಂದೂ ಹೊರಗ ತರಸ್ರಿ," ಎಂದರು. ಆಮೇಲೆ, ಚೀಲ ಹೊರಲು ಕೋಟು ಅಡ್ಡ ಬರುತ್ತದೆಂದು, ಅದನ್ನು ಬಿಚ್ಚಿ ಬೇವಿನ ಟೊಂಗೆಗೆ ಹಾಕಿದರು. ಮೊದಲ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಅಂಗಳಕ್ಕೆ ಬಂದಾಗ ಅವರ ಅಂಗಿಗೆ ಬೆನ್ನಿಲ್ಲ ಎಂಬುದು ನಾಲ್ಕೂ ಪಾಳಿಗೆ ಕಂಡಿತು. ಎಲ್ಲರೂ ಕಣ್ಣನ್ನು ಮತ್ತೆ ತಮ್ಮ ಮುಂದಿನವರ ಬೆನ್ನಿಗೆ ತಿರುಗಿಸಿದರು. ಹಾಗೆ ಮಾಡತಕ್ಕದ್ದು ಎಂಬ ಕಾಯ್ದೆಯೇನೂ ಇರಲಿಲ್ಲ.

ಹಂಚಿಕೆ ಆರು ಗಂಟೆ ನಲವತ್ತು ನಿಮಿಷದವರೆಗೆ ನಡೆಯಿತು. ಸಾಹೇಬನ ಪಾಳಿ ಬಂದಾಗ ಸಿದ್ದಲಿಂಗವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, "ಪಾತ್ರಿ ತಂದಿಲ್ಲ? ಟೋಪಿ ಹಿಡಿ," ಎಂದಳು. ಅವನು ಹಿಡಿದ. ಅರ್ಧ ಸೇರು ನುಚ್ಚು ಬಿತ್ತು. ಹುಲ್ಲಿನ ಟೋಪಿಯ ಸಂದಿಯಿಂದ ಸ್ವಲ್ಪ ಸೋರಿತು. ಅವನು 'ಆಟ ಮತ್ತೆ ಯಾವಾಗ ಶುರು' ಎಂದು ಪರಪ್ಪನ ಮೂಲಕ ಕೇಳಿದ.

"ಮುಗೀತ್ರಿ," ಎಂದರು ಶಂಕರೆಪ್ಪನವರು. ಬೆವರು ಒರೆಸಿಕೊಳ್ಳುತ್ತಿದ್ದರು. "ಇನ್ನೊಂದ ಮಾತ ಹೇಳ್ರಿ ಅವರಿಗೆ. ಈ ಆಟ ನನಗ ಬರೂದಿಲ್ಲ. ಧಾರವಾಡದಾಗ ನಾನು ಚಿತ್ರ ಅಷ್ಟ ನೋಡೇನಿ."

ಪರಪ್ಪ ಹೇಳಿದ. ಸಾಹೇಬ ಜೈತುನಬಿಯ ಕಡೆ, ಆಮೇಲೆ ಖಂಡೆಪ್ಪನ ಕಡೆ ನೋಡಿ ಒಂದೆರಡು ಮಾತು ಆಡಿದ.

"ಏನಂತ?"

"ಚಿತ್ರ ಚಲೋ ಇದ್ದಿರಬೇಕು, ಅಂತಾರ."

ನಾಲ್ಕನೆಯ ಪಾಳಿಯ ಕೊನೆಯವರು ಶ್ರೀಶೈಲಪ್ಪನವರು. ಅವರ ಹೊತ್ತಿಗೆ ಚೀಲ ಝಾಡಿಸಬೇಕಾಯಿತು. ಜೀಪು ಹೋದ ಮೇಲೆ ಸಿದ್ದಲಿಂಗವ್ವ ನಾಲ್ಕು ಚೀಲದ ಉಸುಕನ್ನು ಅಂಗಳದಲ್ಲೇ ಸುರಿಸಿದಳು.

ಮುಂದಿನ ಎಂಟು ದಿನ ಕೇಂದ್ರದಲ್ಲಿ ಒಲೆ ಉರಿಯಲಿಲ್ಲ. ಜನ ಮನೆಗೆ ಒಯ್ದ ನುಚ್ಚಿನ ಮೇಲೆ ದಿನ ದೂಡಿದರು. ಶ್ರೀಶೈಲಪ್ಪನವರು ಮಾಸ್ತರರನ್ನು ವರ್ಗ ಮಾಡಿಸುವುದಾಗಿ ಯಂಕಂಚಿಯ ಚಹಾದ ಅಂಗಡಿಯಲ್ಲಿ ಮೂರು ಸಲ ಹೇಳಿದರು. ಅದೇ ತಾಲೂಕಿನ ದೇವಣಗಾಂವದವರು ನಗಲಿಕ್ಕೆಂದೇ ಬಂದು ಹೋದರು.

ಮಾರ್ಚ್ 27, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅಬ್ದುಲಗನಿಯ ಲಾರಿ ಅರವತ್ತು ಚೀಲ ತಂದಿತು. ಜೊತೆಗೆ ವರದಿಯ ನಕಲು. ಹೆಡ್ ಮಾಸ್ತರರು ಅದನ್ನು ಅಂಗಳದಲ್ಲಿ ಕನ್ನಡದಲ್ಲಿ ಓದಿದರು. ಗುಂದಿಹಾಳದ ತಂಡದ ಎಸೆತ ಮತ್ತು ಹೊಡೆತ ಅತ್ಯುತ್ತಮವಾಗಿವೆ. ಆದರೆ ಚೆಂಡು ಊರ ಹೊರಗೆ ಹಾರಿ, ಓಟಗಾರನಿಗೆ ಮೂರೂ ಮೂಲೆ ತೆರವಾಗಿದ್ದಾಗ, ಅವನು ನುಚ್ಚಿನ ಚೀಲವೆಂದು ತಿಳಿದ ಒಂದು ಚೀಲವನ್ನು ಬಿಟ್ಟು ಕದಲಲಿಲ್ಲ. ಇಂಥ ಸ್ಥಿತಿಯಲ್ಲಿ ಯಾವ ಆಟಗಾರನೂ ನಿಲ್ಲುವುದನ್ನು ತಾನು ಹಿಂದೆ ಕಂಡಿಲ್ಲ. ಈ ಊರಿನ ಹಸಿವಿನ ಬಗ್ಗೆ ಬೇರೆ ಪುರಾವೆ ಬೇಕಾಗಿಲ್ಲ. ಕೇಂದ್ರವನ್ನು ಜುಲೈ 31ರವರೆಗೆ ಮುಂದುವರಿಸತಕ್ಕದ್ದು.

"ನಾ ಅಂದಿದ್ದೆ," ಎಂದ ಖಂಡೆಪ್ಪ. "ಓಡಬಾರದು ಅಂತ."

ಜೂನ್ 4, ಸೋಮವಾರದ ಲಾರಿಯಲ್ಲಿ ಪಟ್ಟಿಯಲ್ಲಿ ಇಲ್ಲದ ಒಂದು ಸಣ್ಣ ಪೆಟ್ಟಿಗೆ ಇತ್ತು. ಶಂಕರೆಪ್ಪನವರು ತಕರಾರಿಲ್ಲದೆ ಇಳಿಸಿಕೊಂಡರು. ಒಳಗೆ ಹಸಿರು ಬಣ್ಣದ ಒಂಬತ್ತು ಅಂಗಿ, ಒಂದು ಚೀಟಿ. ಎದುರು ತಂಡಕ್ಕೆ ಎಂದು ಚೀಟಿಯಲ್ಲಿ ಬರೆದಿತ್ತು. ಸಿದ್ದಲಿಂಗವ್ವ ಮಧ್ಯಾಹ್ನದ ಪಾಳಿಯ ಉದ್ದಕ್ಕೂ ನಡೆದು ಬೆನ್ನು, ಹೆಗಲು ನೋಡಿ ಎಂಟನ್ನು ಕೊಟ್ಟಳು. ಒಂಬತ್ತನೆಯದನ್ನು ಶಂಕರೆಪ್ಪನವರಿಗೆ ಕೊಟ್ಟಳು. ಅವರು ಅದನ್ನು ಅಲ್ಲಿಯೇ ಹಾಕಿಕೊಂಡರು.